ಹಿರಿಯರ ಮನೆ: ಗೋಡೆಗೆ ದುಡ್ಡು ಎಲ್ಲಿಂದ, ದಿನದ ಖರ್ಚಿಗೆ ಎಲ್ಲಿಂದ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮದೊಂದು ಸಣ್ಣ ಟ್ರಸ್ಟು ಇದೆ. ಹಳೆಯ ಹಂಚಿನ ಮನೆಯೊಂದರಲ್ಲಿ 18 ಮಂದಿ ಅಜ್ಜ, ಅಜ್ಜಿಯಂದಿರನ್ನು ನೋಡಿಕೊಳ್ಳುತ್ತಿದ್ದೇವೆ. ಅವರಲ್ಲಿ ಆರು ಮಂದಿ ಹಾಸಿಗೆ ಹಿಡಿದವರು. ಮಳೆಗಾಲದಲ್ಲಿ ಮಾಡು ಸೋರುತ್ತದೆ, ಬಚ್ಚಲು ಹೊರಗಿದೆ. ನಮ್ಮ ಅಧ್ಯಕ್ಷರ ತಮ್ಮನ ಮಗಳು ಕೆನಡಾದ ಆಲ್ಬರ್ಟಾದಲ್ಲಿ ನರ್ಸು. ಅಲ್ಲಿ ಇಂಥ ಮನೆ ಕಟ್ಟಲು, ಹಳೆಯದನ್ನು ಸರಿಮಾಡಲು ಸರಕಾರವೇ ಹಣ ಕೊಡುತ್ತದಂತೆ. ನಮ್ಮಲ್ಲೂ ಸಿಗುತ್ತದಾ? ದಾನಿಯೊಬ್ಬರು 50 ಸೆಂಟ್ಸ್ ಜಾಗ ಕೊಡಲು ಒಪ್ಪಿದ್ದಾರೆ. ಇನ್ನೊಂದು ವಿಷಯ: ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿರುವ ಮಗನನ್ನು ಒಬ್ಬರೇ ಸಾಕುತ್ತಿರುವ ವಯಸ್ಸಾದ ತಾಯಿಯೊಬ್ಬರು, ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಳ್ಳಿ ಎಂದು ಕೇಳುತ್ತಿದ್ದಾರೆ. ಏನು ಮಾಡಬಹುದು?

ಉತ್ತರ: ಕೇಂದ್ರ ಸರಕಾರದ ಹಣ ಮನೆ ನಡೆಸಲು ಸಿಗುತ್ತದೆ, ಮನೆ ಕಟ್ಟಲು ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಧರ್ಮಸಂಸ್ಥೆಗಳ ಲೆಕ್ಕಪತ್ರ ನೋಡುವ ನನ್ನ ಕೆಲಸದಲ್ಲಿ, ಒಳ್ಳೆಯ ಮನಸ್ಸಿನ ಟ್ರಸ್ಟುಗಳು ವರ್ಷಗಟ್ಟಲೆ ಕಳೆದುಕೊಳ್ಳುವುದನ್ನು ಇಲ್ಲೇ ನೋಡಿದ್ದೇನೆ. ಪ್ಲಾನು ಬರೆಸುತ್ತಾರೆ, ಶಿಲಾನ್ಯಾಸ ಮಾಡುತ್ತಾರೆ, ಪಿಲ್ಲರು ಏಳುತ್ತದೆ. ಆಮೇಲೆ ದೆಹಲಿಗೆ ಅರ್ಜಿ ಹಾಕಲು ಕೂತಾಗ, ಕಟ್ಟಡಕ್ಕೆ ಅದರಲ್ಲಿ ಜಾಗವೇ ಇಲ್ಲ ಎಂದು ಗೊತ್ತಾಗುತ್ತದೆ. ಅಷ್ಟರಲ್ಲಿ ಕೂಡಿಸಿಟ್ಟ ದುಡ್ಡೆಲ್ಲ ಕಬ್ಬಿಣಕ್ಕೂ ಸಿಮೆಂಟಿಗೂ ಹೋಗಿರುತ್ತದೆ.

ಆಲ್ಬರ್ಟಾದ ಮಾತು ನಿಜವೇ. ಅಲ್ಲಿನ ಪ್ರಾಂತ ಸರಕಾರ ಇಂಥ ಆರೈಕೆ ಮನೆಗಳಿಗೆಂದೇ ಬಂಡವಾಳದ ಯೋಜನೆಯೊಂದನ್ನು ಇಟ್ಟುಕೊಂಡಿದೆ. ಹಳೆಯ ಕಟ್ಟಡಗಳ ಆಧುನೀಕರಣಕ್ಕೆ ಅದರಲ್ಲಿ ಒಂದು ವಿಭಾಗ, ಮೂಲನಿವಾಸಿ ಸಮುದಾಯಗಳಿಗೆ ಒಂದು, ಸಣ್ಣ ಸಣ್ಣ ಮನೆಗಳಿಗೆ ಒಂದು. ಆದರೆ ಅಲ್ಲಿ ನರ್ಸಿಂಗ್ ಆರೈಕೆಯ ಖರ್ಚನ್ನು ಸರಕಾರಿ ಆರೋಗ್ಯ ವ್ಯವಸ್ಥೆಯೇ ಹೊರುತ್ತದೆ, ಮನೆಯಲ್ಲಿರುವವರು ಊಟ ವಸತಿಗೆ ಕೊಡುತ್ತಾರೆ. ಕಟ್ಟಡ ಎದ್ದ ಮೇಲೆ ಅದನ್ನು ನಡೆಸುವುದು ಯಾರು ಎಂಬುದು ಅಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ನಮ್ಮಲ್ಲಿ ಅದನ್ನು ನೀವೇ ತೀರ್ಮಾನ ಮಾಡಿಕೊಳ್ಳಬೇಕು. ಹಾಗಾಗಿ ಕಟ್ಟಡದ ಮಾತಿಗಿಂತ ಮೊದಲು ನಡೆಸುವ ಮಾತು.

ನಮ್ಮಲ್ಲೂ ಕಟ್ಟಡಕ್ಕೆ ಕೇಂದ್ರ ಹಣ ಕೊಡುತ್ತಿದ್ದ ಕಾಲ ಇತ್ತು. 1996–97ರಲ್ಲಿ ಶುರುವಾದ ಯೋಜನೆಯೊಂದರಲ್ಲಿ ವೃದ್ಧಾಶ್ರಮ ಕಟ್ಟಲು ಪಂಚಾಯತುಗಳಿಗೂ ಸಂಸ್ಥೆಗಳಿಗೂ ಒಂದೇ ಸಲಕ್ಕೆ ಒಂದಿಷ್ಟು ನೆರವು ಸಿಗುತ್ತಿತ್ತು. ಹತ್ತನೇ ಪಂಚವಾರ್ಷಿಕ ಯೋಜನೆ ಮುಗಿಯುವ ಹೊತ್ತಿಗೆ ಅದು ನಿಂತಿತು. ಉಳಿದದ್ದು 1992ರಿಂದ ನಡೆದುಕೊಂಡು ಬಂದ ಇನ್ನೊಂದು ಯೋಜನೆ. ಈಗ ಅದು ಅಟಲ್ ವಯೋ ಅಭ್ಯುದಯ ಯೋಜನೆಯ ಒಳಗೆ ಸೇರಿದೆ. ಆಶ್ರಮ ನಡೆಸುವವರಿಗೆ ವರ್ಷ ವರ್ಷ ಅನುದಾನ ಕೊಡುವುದು ಅದರ ಕೆಲಸ. ಅಡುಗೆಯವರು, ಆರೈಕೆಯವರು, ನರ್ಸು, ಆಗಾಗ ಬಂದುಹೋಗುವ ಡಾಕ್ಟರು, ಔಷಧಿ, ಊಟ, ಬಟ್ಟೆ, ಇಂಥವಕ್ಕೆ ಹಣ. ಕಟ್ಟಡಕ್ಕಿಲ್ಲ.

ಸಾಮಾನ್ಯ ಆಶ್ರಮಕ್ಕೆ ಅದರ ಅಳತೆ 25 ಮಂದಿ ನಿರ್ಗತಿಕ ಹಿರಿಯರು. ಸದಾ ನರ್ಸಿಂಗ್ ಬೇಕಾದ ತೀವ್ರ ಕಾಯಿಲೆಯವರಿಗೂ, ಮರೆವಿನ ಕಾಯಿಲೆಯವರಿಗೂ ನಿರಂತರ ಆರೈಕೆಯ ಮನೆ ಎಂಬ ಬೇರೆ ಬಗೆ ಇದೆ. ಅದಕ್ಕೆ ಕನಿಷ್ಠ 20 ಮಂದಿ ಬೇಕು. ನಿಮ್ಮ ಲೆಕ್ಕ ಎರಡಕ್ಕೂ ಹೊಂದುವುದಿಲ್ಲ. 25ಕ್ಕೆ ಏಳು ಮಂದಿ ಕಡಿಮೆ. ನಿರಂತರ ಆರೈಕೆಗೆ ಸೇರುವವರು ಆರೇ ಮಂದಿ. ನನ್ನ ಸಲಹೆ ಮೊದಲನೆಯ ಬಗೆಗೆ. ಜನ ಹೆಚ್ಚಿಸಬೇಕೆಂದು ಸುಮ್ನೆ ಸೇರಿಸಿಕೊಳ್ಳಬೇಡಿ. ನಿಮ್ಮ ಪಂಚಾಯತಿನಲ್ಲೂ ಪಕ್ಕದ ಪುತ್ತಿಗೆ, ಬದಿಯಡ್ಕಗಳಲ್ಲೂ ಒಂಟಿಯಾಗಿರುವ ಹಿರಿಯರು ಯಾರೆಂದು ಆಶಾ ಕಾರ್ಯಕರ್ತೆಯರಿಗೆ, ಕುಟುಂಬಶ್ರೀ ಮಹಿಳಾ ಸಂಘದವರಿಗೆ ಗೊತ್ತಿರುತ್ತದೆ. ಅವರನ್ನು ಕೇಳಿ.

ನಿರಂತರ ಆರೈಕೆಯ ಮನೆಗೆ ಆತುರಪಡಬೇಡಿ ಎನ್ನುವುದಕ್ಕೆ ಕಾರಣ ಇದೆ. ಹಾಸಿಗೆ ಹಿಡಿದವರಿಗೆ ಬೆನ್ನಹುಣ್ಣು ಬಾರದಿರಬೇಕಾದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಬ್ಬರಿಗೆ ಹಗಲು ರಾತ್ರಿ ಸೇರಿ 12 ಸಲ. ನಿಮ್ಮ ಆರು ಮಂದಿಗೆ 72 ಸಲ. ಭಾರದ ಅಜ್ಜನನ್ನು ಚರ್ಮ ತರಚದ ಹಾಗೆ ತಿರುಗಿಸಲು ಇಬ್ಬರು ಬೇಕು. ಅದರ ಜೊತೆಗೆ ಬಟ್ಟೆ ಬದಲಿಸುವುದು, ಗಂಜಿ ತಿನ್ನಿಸುವುದು, ನೆತ್ತಿಗೇರದ ಹಾಗೆ ನೀರು ಕುಡಿಸುವುದು. ರಾತ್ರಿ ಎರಡು ಗಂಟೆಗೆ ಎದ್ದು ಇದನ್ನು ಮಾಡುವವರಿಗೆ ಸಂಬಳ ಕೊಡಬೇಕು, ವಾರಕ್ಕೊಂದು ರಜೆ ಕೊಡಬೇಕು, ರಜೆಯ ದಿನಕ್ಕೆ ಇನ್ನೊಬ್ಬರನ್ನು ಹುಡುಕಬೇಕು. ಟ್ರಸ್ಟಿನ ಮೀಟಿಂಗಿನಲ್ಲಿ ಕಟ್ಟಡದ ನಕ್ಷೆ ಹರಡಿ ಕೂರುವ ಮೊದಲು ಈ ರಾತ್ರಿ ಪಾಳಿಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಯಿರಿ. ನಿಮ್ಮ 18 ಮಂದಿಯಲ್ಲಿ ಹಾಸಿಗೆ ಹಿಡಿದವರು ಈಗ ಆರು. ಮೂರು ವರ್ಷ ಕಳೆದರೆ ಹತ್ತಾಗಬಹುದು. ಬಂದವರೆಲ್ಲ ಒಂದು ದಿನ ಆ ಹಾಸಿಗೆಗೇ ಬರುವವರು ಅಲ್ವಾ?

ಅರ್ಜಿಗೆ ಮೊದಲು ಮಾಡಬೇಕಾದ ನೋಂದಣಿಗಳು ಕೆಲವಿವೆ. ಅನಾಥಾಶ್ರಮ ಮತ್ತು ಇತರ ಧರ್ಮಾರ್ಥ ಆಶ್ರಮಗಳ ಮೇಲ್ವಿಚಾರಣೆಗೆ 1960ರ ಕಾಯ್ದೆ ಇದೆ. ಕೇರಳದಲ್ಲಿ ಅದರ ಪ್ರಕಾರ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಆಗಬೇಕು. ನಿಮ್ಮದು ಆಗಿಲ್ಲದಿದ್ದರೆ ಇದೇ ಮೊದಲ ಕೆಲಸ. ಜಿಲ್ಲಾ ಸಾಮಾಜಿಕ ನ್ಯಾಯ ಕಚೇರಿಯವರು ಬಂದು ನೋಡುತ್ತಾರೆ. ರಾಜ್ಯ ಸರಕಾರದಿಂದ ತಲೆಗಿಷ್ಟು ಎಂದು ಸಿಗುವ ಅನುದಾನಕ್ಕೂ ಇದೇ ಬಾಗಿಲು. ನಂತರ ನೀತಿ ಆಯೋಗದ ದರ್ಪಣ್ ಪೋರ್ಟಲಿನಲ್ಲಿ ಸಂಸ್ಥೆಯ ಗುರುತು ಸಂಖ್ಯೆ. ಆಮೇಲೆ ಇ–ಅನುದಾನ್ ಪೋರ್ಟಲಿನಲ್ಲಿ ಅರ್ಜಿ. ಹಣ ಕಂತಿನಲ್ಲಿ ಬರುತ್ತದೆ. ಹಿಂದಿನ ಹಣ ಖರ್ಚಾದ ಪ್ರಮಾಣಪತ್ರ ಕೊಟ್ಟರೆ ಮುಂದಿನದು. ತಡವಾಗುವುದು ಉಂಟು. ಹಾಗಾಗಿ ಆರು ತಿಂಗಳ ಸಂಬಳ, ಅಕ್ಕಿ, ಔಷಧಿಗೆ ಸಾಕಾಗುವಷ್ಟು ದುಡ್ಡನ್ನು ಬೇರೆ ಖಾತೆಯಲ್ಲಿಟ್ಟು, ಅದನ್ನು ಯಾವ ಕಾರಣಕ್ಕೂ ಕಟ್ಟಡಕ್ಕೆ ಮುಟ್ಟಬೇಡಿ.

ಈಗ ಕಟ್ಟಡ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ, ಟ್ರಸ್ಟಿನ ಕೆಲವರಿಗೆ ಇಷ್ಟವಾಗದೇ ಇರಬಹುದು. ಕಟ್ಟಡ ಪಂಚಾಯತಿನದಾಗಿರಲಿ, ನಡೆಸುವುದು ನಿಮ್ಮದಾಗಿರಲಿ.

ಕೇರಳದ ಪಂಚಾಯತುಗಳ ಕೈಯಲ್ಲಿ ಯೋಜನಾ ನಿಧಿ ಇದೆ. ಅದರಲ್ಲಿ ಹಿರಿಯರಿಗೂ ಪಾಲಿಯೇಟಿವ್ ಆರೈಕೆಗೂ (ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) ಪಾಲು ಇಡಲೇಬೇಕು. ಗ್ರಾಮ ಪಂಚಾಯತು, ಬ್ಲಾಕ್ ಪಂಚಾಯತು, ಜಿಲ್ಲಾ ಪಂಚಾಯತು ಮೂರೂ ಸೇರಿ ಒಂದೇ ಯೋಜನೆಗೆ ಹಣ ಹಾಕಲು ಅವಕಾಶ ಇದೆ. ನಮ್ಮ ಜಿಲ್ಲೆಗೆ ಇದರ ಮೇಲೆ ಇನ್ನೊಂದು ದಾರಿ ಉಂಟು. ಹಿಂದಿನ ಮುಖ್ಯ ಕಾರ್ಯದರ್ಶಿ ಪಿ. ಪ್ರಭಾಕರನ್ ಅವರ ಆಯೋಗ 2012ರಲ್ಲಿ ಕೊಟ್ಟ ವರದಿಯ ಮೇಲೆ ಶುರುವಾದ ಕಾಸರಗೋಡು ಅಭಿವೃದ್ಧಿ ಪ್ಯಾಕೇಜು. ಶಾಲೆ, ರಸ್ತೆ, ಸೇತುವೆ, ಆಸ್ಪತ್ರೆಗಳಿಗೆ ಅದರಿಂದ ಹಣ ಹೋಗಿದೆ. ಆದರೆ ಈ ಹಣವೆಲ್ಲ ಸರಕಾರದ ಅಥವಾ ಪಂಚಾಯತಿನ ಹೆಸರಿನಲ್ಲಿರುವ ಆಸ್ತಿಗೆ. ಖಾಸಗಿ ಟ್ರಸ್ಟಿನ ಜಾಗದಲ್ಲಿ ಪಂಚಾಯತು ಗೋಡೆ ಕಟ್ಟಿದರೆ ಆಡಿಟಿನಲ್ಲಿ ಅದೇ ಆಕ್ಷೇಪ ಬರುತ್ತದೆ.

ದಾನಿಗೆ ಹೇಳಿ ನೋಡಿ: ಆ 50 ಸೆಂಟ್ಸನ್ನು ವೃದ್ಧರ ಆರೈಕೆಗೆ ಮಾತ್ರ ಎಂಬ ಷರತ್ತಿನ ಮೇಲೆ ಪಂಚಾಯತಿಗೆ ಬರೆದುಕೊಡಲಿ. ಅವರ ತಂದೆ ತಾಯಿಯ ಹೆಸರನ್ನು ಮನೆಗೆ ಇಡಲು ಪಂಚಾಯತು ಒಪ್ಪಬಹುದು. ನಡೆಸುವ ಒಪ್ಪಂದ ನಿಮ್ಮ ಟ್ರಸ್ಟಿನ ಜೊತೆ. ಆಡಳಿತ ಬದಲಾದರೆ ನಮ್ಮನ್ನು ಹೊರಗೆ ಹಾಕುವುದಿಲ್ಲವಾ ಎಂಬ ಹೆದರಿಕೆ ನ್ಯಾಯವಾದದ್ದೇ. ಅದಕ್ಕೆ ಮದ್ದು ಒಪ್ಪಂದದ ಮಾತುಗಳಲ್ಲೇ ಇದೆ. ಎಷ್ಟು ವರ್ಷಕ್ಕೆ, ಮಾಡು ಸೋರಿದರೆ ಯಾರು ಸರಿಮಾಡುವುದು, ಕರೆಂಟು ನೀರಿನ ಬಿಲ್ಲು ಯಾರದು, ಸೇರಿಸಿಕೊಳ್ಳುವ ತೀರ್ಮಾನ ಯಾರದು, ಒಪ್ಪಂದ ಮುಗಿಸುವುದಾದರೆ ಎಷ್ಟು ತಿಂಗಳು ಮೊದಲು ಹೇಳಬೇಕು, ಆಗ ಒಳಗಿರುವ ಹಿರಿಯರು ಎಲ್ಲಿಗೆ ಹೋಗಬೇಕು. ಕೊನೆಯದನ್ನು ಬರೆಯದ ಒಪ್ಪಂದಕ್ಕೆ ಸಹಿ ಹಾಕಬೇಡಿ.

ಪಂಚಾಯತಿನ ಹಣಕ್ಕೆ ಕಾಲವೂ ಮುಖ್ಯ. ವಾರ್ಡಿನ ಗ್ರಾಮಸಭೆಯಲ್ಲಿ ವಿಷಯ ಏಳಬೇಕು, ಕಾರ್ಯತಂಡ ಅದನ್ನು ಯೋಜನೆಯಾಗಿ ಬರೆಯಬೇಕು, ಅಭಿವೃದ್ಧಿ ಸೆಮಿನಾರಿನಲ್ಲಿ ಬರಬೇಕು, ಜಿಲ್ಲಾ ಯೋಜನಾ ಸಮಿತಿ ಒಪ್ಪಬೇಕು. ಹೊಸ ವರ್ಷದ ಯೋಜನೆ ಏಪ್ರಿಲಿಗೆ ಮೊದಲೇ ರೂಪ ತಳೆಯುತ್ತದೆ. ಮೇ ತಿಂಗಳಲ್ಲಿ ಮನವಿ ಹಿಡಿದು ಹೋದರೆ ಮುಂದಿನ ವರ್ಷ ಬನ್ನಿ ಎನ್ನುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ.

ಜಾಗ ಯಾರ ಹೆಸರಿಗೆ ಹೋದರೂ ಮೊದಲು ಅದು ಎಂಥ ಜಾಗ ಎಂದು ನೋಡಿಕೊಳ್ಳಿ. ಹಳೆಯ ಗದ್ದೆಯಾಗಿದ್ದರೆ 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣೆ ಕಾಯ್ದೆ ಅಡ್ಡ ಬರುತ್ತದೆ. ಈಗ ಅಡಿಕೆ ಸಸಿ ನಿಂತಿದ್ದರೂ ಡಾಟಾ ಬ್ಯಾಂಕಿನಲ್ಲಿ, ಅಂದರೆ ಆ ಕಾಯ್ದೆಯ ಪ್ರಕಾರ ಗದ್ದೆಗಳನ್ನು ಬರೆದಿಟ್ಟ ಪಟ್ಟಿಯಲ್ಲಿ, ಗದ್ದೆ ಎಂದೇ ಇರಬಹುದು. ಕೃಷಿಭವನದಲ್ಲೂ ವಿಲೇಜ್ ಆಫೀಸಿನಲ್ಲೂ ಕೇಳಿ. ಸರಕಾರದಿಂದ ಪತಿಚ್ಚು (ಮಂಜೂರಾಗಿ) ಸಿಕ್ಕಿದ ಜಾಗವಾದರೆ ಅದರ ಷರತ್ತುಗಳನ್ನೂ ಓದಿ.

ಟ್ರಸ್ಟಿನ ಹೆಸರಿನಲ್ಲೇ ಕಟ್ಟಬೇಕು ಎಂಬ ಹಟ ಇದ್ದರೆ ಉಳಿಯುವುದು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ ಮತ್ತು ಸಂಸದರ ನಿಧಿ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ವೃದ್ಧಾಶ್ರಮ ಕಟ್ಟುವುದು, ಹಗಲುಮನೆ ನಡೆಸುವುದು ಸ್ಪಷ್ಟವಾಗಿ ಇದೆ. ಹಾಗಾಗಿ ಕಂಪನಿಗಳಿಗೆ ಕೊಡಲು ಅಡ್ಡಿಯಿಲ್ಲ. ನೀವು ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ ಮಾಡಿಸಿ, ಸಿಎಸ್ಆರ್–1 ನಮೂನೆ ಸಲ್ಲಿಸಿ ಸಂಖ್ಯೆ ಪಡೆದಿರಬೇಕು. 2021ರಿಂದ ಅದು ಕಡ್ಡಾಯ. ಸಂಸದರ ನಿಧಿಯಿಂದ ನೋಂದಾಯಿತ ಸಂಸ್ಥೆಗಳಿಗೆ ಒಂದು ಮಿತಿಯೊಳಗೆ ಕಟ್ಟಡ ಕೊಡಬಹುದು, ಆದರೆ ಅದನ್ನು ಕೇಳುವವರ ಸಾಲು ಉದ್ದ.

ಆದರೆ ಒಂದು ದಾರಿ, ದಯವಿಟ್ಟು, ಬೇಡವೇ ಬೇಡ. ಸೇರುವ ಹಿರಿಯರಿಂದ ಜಾಗವನ್ನೋ ಮನೆಯನ್ನೋ ಟ್ರಸ್ಟಿನ ಹೆಸರಿಗೆ ಬರೆಸಿಕೊಂಡು, ಅದನ್ನು ಮಾರಿ ಕಟ್ಟಡ ಎಬ್ಬಿಸುವುದು. ಕೊನೆಯವರೆಗೆ ನೋಡಿಕೊಳ್ಳುತ್ತೇವೆ ಎಂದು ಬರೆಸಿಕೊಂಡ ಆಸ್ತಿ, ನೋಡಿಕೊಳ್ಳದೇ ಹೋದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಪ್ರಕಾರ ರದ್ದಾಗಬಹುದು. ಕಾನೂನು ಹಾಗಿರಲಿ, ಕೈಲಾಗದವರ ಹತ್ತಿರ ದಸ್ತಾವೇಜಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಆರೈಕೆ ಅಲ್ಲ.

ಅದೇ ಕಾಯ್ದೆಯ 19ನೇ ಕಲಮು ಪ್ರತಿ ಜಿಲ್ಲೆಗೆ ಕನಿಷ್ಠ ಒಂದು, 150 ಮಂದಿಗೆ ಸಾಕಾಗುವ ವೃದ್ಧಾಶ್ರಮದ ಮಾತಾಡುತ್ತದೆ. ನಮ್ಮ ಜಿಲ್ಲೆಯ ಸರಕಾರಿ ವೃದ್ಧಾಶ್ರಮ ಇರುವುದು ಪರವನಡ್ಕದಲ್ಲಿ. ಪೆರ್ಲದ ಅಜ್ಜಿಗೆ ಅದು ದೂರದ ಊರು. ಕಣ್ಣೂರಿನ ಅಳಿಕ್ಕೋಡಿನಲ್ಲಿ ಸರಕಾರಿ ವೃದ್ಧಾಶ್ರಮವನ್ನು ಸೆಕೆಂಡ್ ಇನ್ನಿಂಗ್ಸ್ ಹೋಮ್ ಎಂಬ ಹೆಸರಿನಲ್ಲಿ ಆಧುನಿಕವಾಗಿ ಮಾಡಿದ್ದಾರೆ. ಪಂಚಾಯತಿನವರನ್ನು ಕರೆದುಕೊಂಡು ಹೋಗಿ ಅದನ್ನೊಮ್ಮೆ ತೋರಿಸಿ. ಎದುರಿಗೆ ಕಂಡ ಮೇಲೆ ಒಪ್ಪಿಸುವುದು ಸುಲಭ.

ಸರಕಾರಿ ಕಟ್ಟಡ ಎಂದರೆ ನಮ್ಮವರಿಗೆ ನಂಬಿಕೆ ಕಡಿಮೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜು ನಿಮ್ಮ ಕಣ್ಣೆದುರಿಗೇ ಇದೆ. ಶಿಲಾನ್ಯಾಸ ಆದದ್ದು 2013ರಲ್ಲಿ. 2020ರಲ್ಲಿ ಕೋವಿಡ್ ಬಂದು, ಕರ್ನಾಟಕದ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿ, ಮಂಗಳೂರಿಗೆ ಹೋಗಲಾಗದೆ ರೋಗಿಗಳು ಪಾಡು ಪಟ್ಟಾಗ, ತರಾತುರಿಯಲ್ಲಿ ಅಲ್ಲಿನ ಪಾಠದ ಕಟ್ಟಡವನ್ನೇ ಕೋವಿಡ್ ಆಸ್ಪತ್ರೆ ಮಾಡಬೇಕಾಯಿತು. ಹಾಗಾಗಿ ಹೊಸ ಕಟ್ಟಡ ಬರುತ್ತದೆ ಎಂದು ಈಗಿರುವ ಮನೆಯನ್ನು ಸೋರಲು ಬಿಡಬೇಡಿ. ಈ ಮಳೆಗಾಲಕ್ಕೆ ಮೊದಲೇ ಅದನ್ನು ಸರಿಮಾಡಿ. ದೊಡ್ಡ ಹಣ ಬೇಡ, ಊರಿನವರೂ ಗಲ್ಫಿನಲ್ಲಿರುವವರೂ ಸೇರಿದರೆ ಆಗುವ ಕೆಲಸ.

ಬಚ್ಚಲಿನಿಂದ ಶುರುಮಾಡಿ. ಹೊರಗಿರುವ ಬಚ್ಚಲಿಗೆ ರಾತ್ರಿ ಮಳೆಯಲ್ಲಿ ಹೋಗಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಿ ಮತ್ತೆ ಎದ್ದು ಓಡಾಡುವುದು ಕಷ್ಟ. ಹಾಸಿಗೆ ಹಿಡಿದವರ ಸಂಖ್ಯೆ ಹೆಚ್ಚುವುದು ಹೀಗೆಯೇ. ಮಲಗುವ ಕೋಣೆಗೆ ತಾಗಿಕೊಂಡೇ ಒಂದು ಶೌಚಾಲಯ ಕಟ್ಟಿ. ಕೂತುಕೊಳ್ಳುವ ಕಮೋಡು, ಎರಡು ಬದಿ ಗಟ್ಟಿ ಹಿಡಿಕೆ, ಜಾರದ ನೆಲ. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರ ಮೈ ಬಾಗಿಲಿಗೆ ಅಡ್ಡ ಬಂದರೆ ಒಳಕ್ಕೆ ತಳ್ಳುವ ಬಾಗಿಲನ್ನು ತೆರೆಯಲು ಆಗುವುದಿಲ್ಲ. ಗಾಲಿಕುರ್ಚಿ ಹೋಗಲು ಬಾಗಿಲು 900 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಮೂರು ಅಡಿ ಅಗಲ ಇರಬೇಕು. ಹಳೆಯ ಮನೆಗಳ ಬಾಗಿಲು ಸಣ್ಣದು, ಹೊಸ್ತಿಲು ಎತ್ತರ. ಒಂದೆರಡು ಕಡೆ ಕೆಂಪುಕಲ್ಲು ಒಡೆಯಬೇಕಾಗುತ್ತದೆ, ಒಡೆಯಿರಿ. ಕುರ್ಚಿ ತಿರುಗಲು ಐದು ಅಡಿ ಜಾಗ ಬಿಡಿ. ಇಳಿಜಾರು ದಾರಿ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು. ನಿಮ್ಮ ಜಗಲಿ ಒಂದೂವರೆ ಅಡಿ ಇದ್ದರೆ 18 ಅಡಿ. ಅಂಗಳದಲ್ಲಿ ಜಾಗ ಸಾಲದು ಎಂದು ಮೇಸ್ತ್ರಿ ಕಡಿದಾಗಿ ಮಾಡಿಕೊಟ್ಟರೆ ಅದರಲ್ಲಿ ಕುರ್ಚಿ ಇಳಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಜಗಲಿಯ ಉದ್ದಕ್ಕೆ ತಿರುಗಿಸಿ ಕಟ್ಟಲು ಹೇಳಿ.

ಆರೈಕೆಯ ವಿಷಯದಲ್ಲಿ ಕೇರಳದಲ್ಲಿರುವುದು ನಮ್ಮ ಪುಣ್ಯ ಎಂದೇ ಹೇಳಬೇಕು. 2008ರಲ್ಲೇ ಪಾಲಿಯೇಟಿವ್ ನೀತಿ ತಂದ ರಾಜ್ಯ ಇದು. ಪಂಚಾಯತಿನ ಪಾಲಿಯೇಟಿವ್ ನರ್ಸು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ನಿಮ್ಮ ಆರು ಮಂದಿಯ ಹೆಸರು ಅವರ ಪಟ್ಟಿಯಲ್ಲಿ ಇದೆಯಾ? ಆಶ್ರಮದಲ್ಲಿರುವವರೂ ಆ ಪಂಚಾಯತಿನಲ್ಲೇ ವಾಸಿಸುವವರು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬರೆಸಿ. ಮೂತ್ರದ ನಳಿಗೆ ಬದಲಿಸುವುದು, ಹುಣ್ಣಿಗೆ ಡ್ರೆಸ್ಸಿಂಗ್, ನೋವಿನ ಔಷಧಿ, ಇವುಗಳಲ್ಲಿ ಅವರ ಕೈ ಪಳಗಿದೆ. ನಿಮ್ಮ ಆರೈಕೆಯವರು ಪಕ್ಕದಲ್ಲಿ ನಿಂತು ಕಲಿಯಲಿ. ಹಲ್ಲಿನ ಸೆಟ್ಟಿಗೆ ಮಂದಹಾಸಂ, ಗ್ಲುಕೋಮೀಟರಿಗೆ ವಯೋಮಧುರಂ ಯೋಜನೆಗಳಿವೆ. ಸಾಮಾಜಿಕ ನ್ಯಾಯ ಕಚೇರಿಗೆ ಹೋದ ದಿನವೇ ಕೇಳಿ.

ಆ ತಾಯಿ ಮತ್ತು ಮಗನ ವಿಷಯ. ಪೆರ್ಲ ಇರುವ ಎಣ್ಮಕಜೆ ಪಂಚಾಯತಿನಲ್ಲಿ ಈ ಪ್ರಶ್ನೆ ಒಂದು ಮನೆಯದ್ದಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುವುದು 2000ದ ಹೊತ್ತಿಗೆ ನಿಂತಿತು. ಆಗ ಮಕ್ಕಳಾಗಿದ್ದವರು ಈಗ ದೊಡ್ಡವರಾಗಿದ್ದಾರೆ, ಎತ್ತಿ ಸ್ನಾನ ಮಾಡಿಸುತ್ತಿದ್ದ ಅಮ್ಮಂದಿರ ರಟ್ಟೆಯಲ್ಲಿ ಬಲ ಉಳಿದಿಲ್ಲ. ನಾನು ಹೋದ ನಂತರ ಇವನಿಗೆ ಯಾರು ಎಂಬ ಪ್ರಶ್ನೆ ಆ ತಾಯಂದಿರ ನಿದ್ದೆ ಕೆಡಿಸಿದೆ. ಈ ತಾಯಿ ಮಗನನ್ನು ಬೇರೆ ಮಾಡಬೇಡಿ.

ಆದರೆ ಕಾಗದದಲ್ಲಿ ಬೇರೆ ಇಡಲೇಬೇಕು. ಹಿರಿಯರ ಯೋಜನೆ 60 ದಾಟಿದವರಿಗೆ ಮಾತ್ರ. ಮಗನನ್ನು ಆ ಲೆಕ್ಕಕ್ಕೆ ಸೇರಿಸಿದರೆ ತಪಾಸಣೆಯಲ್ಲಿ ಇಡೀ ಅನುದಾನಕ್ಕೆ ಕುತ್ತು. ಅಂಗವಿಕಲರಿಗೆ ಆಶ್ರಯ ಕೊಡುವ ಸಂಸ್ಥೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪ್ರತ್ಯೇಕ ನೋಂದಣಿ ಮಾಡಿಸಬೇಕು. ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹುವಿಧ ಅಂಗವೈಕಲ್ಯ ಇರುವವರಾದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ನೆರವೂ ಇದೆ. ಅದರ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಅದರ ಘರೌಂದಾ ಯೋಜನೆ ದೊಡ್ಡವರಾದ ಇಂಥ ಮಕ್ಕಳ ಜೀವನವಿಡೀ ಆಶ್ರಯಕ್ಕೆಂದೇ ಮಾಡಿದ್ದು. ಹಾಗಾಗಿ ಎರಡು ನೋಂದಣಿ, ಎರಡು ಹಾಜರಿ ಪುಸ್ತಕ, ಎರಡು ಲೆಕ್ಕ. ಅಡುಗೆಮನೆ ಒಂದೇ, ಅಮ್ಮನ ಕೋಣೆಯ ಪಕ್ಕದ್ದೇ ಮಗನ ಕೋಣೆ. ಹೊಸ ಕಟ್ಟಡದ ನಕ್ಷೆಯಲ್ಲಿ ಅಂಥ ಜೋಡಿ ಕೋಣೆ ಎರಡೋ ಮೂರೋ ಈಗಲೇ ಬರೆಸಿಡಿ. ಮುಳಿಯಾರಿನ ಸರಕಾರಿ ಪುನರ್ವಸತಿ ಗ್ರಾಮದಲ್ಲಿ ಏನೇನು ಸಿಗುತ್ತದೆ ಎಂದೂ ಕೇಳಿಟ್ಟುಕೊಳ್ಳಿ.

ತಾಯಿ ಇರುವಾಗಲೇ ಮಗನಿಗೆ ಕಾನೂನು ಪ್ರಕಾರದ ಪೋಷಕರನ್ನು ನೇಮಿಸಿಕೊಳ್ಳಿ. ನ್ಯಾಷನಲ್ ಟ್ರಸ್ಟ್ ಕಾಯ್ದೆಯ 14ನೇ ಕಲಮಿನ ಪ್ರಕಾರ ಅದು ಕಲೆಕ್ಟರ ನೇತೃತ್ವದ ಸ್ಥಳೀಯ ಸಮಿತಿಯಲ್ಲಿ ಆಗುತ್ತದೆ, ವಿದ್ಯಾನಗರದ ಕಲೆಕ್ಟರೇಟಿಗೆ ಅರ್ಜಿ. ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿದ 5 ಲಕ್ಷ ರೂಪಾಯಿ ಪರಿಹಾರ ಅವನಿಗೆ ಬಂದಿದ್ದರೆ ಅದು ಅವನ ಹೆಸರಿನಲ್ಲೇ ಇರಲಿ. ಕಟ್ಟಡ ನಿಧಿಗೆ ಅದರಿಂದ ಒಂದು ರೂಪಾಯಿ ಕೇಳಬೇಡಿ, ತಾಯಿ ತಾವಾಗಿ ಕೊಟ್ಟರೂ ತೆಗೆದುಕೊಳ್ಳಬೇಡಿ.

ನೀವು ಕೇಳದ ಒಂದು ವಿಷಯ ಇದೆ, ಭಾಷೆಯದ್ದು. ಮರೆವಿನ ಕಾಯಿಲೆ ಬಲಿತ ಮೇಲೆ ನಡುವಯಸ್ಸಿನಲ್ಲಿ ಕಲಿತ ಮಾತು ಮೊದಲು ಜಾರುತ್ತದೆ, ಎಳವೆಯಲ್ಲಿ ಆಡಿದ್ದು ಉಳಿಯುತ್ತದೆ. ಅಂಗಡಿಯಲ್ಲಿ ಮಲಯಾಳದಲ್ಲಿ ಸಲೀಸಾಗಿ ವ್ಯವಹಾರ ಮಾಡಿದ ಅಜ್ಜನಿಗೆ ಕೊನೆಗೆ ಬಾಯಾರಿಕೆ ಹೇಳಲು ಕನ್ನಡವೋ ತುಳುವೋ ಮಾತ್ರ ಬರಬಹುದು. ಗಡಿಯ ಪಂಚಾಯತುಗಳಲ್ಲಿ ಹಿರಿಯರ ಮನೆ ಇಲ್ಲೇ ಬೇಕು ಎನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಡ. ಗ್ರಾಮಸಭೆಯಲ್ಲೂ ಯೋಜನೆಯ ವರದಿಯಲ್ಲೂ ಇದನ್ನು ಹೇಳಿ. ಮನವಿಯನ್ನು ಕನ್ನಡದಲ್ಲೇ ಕೊಡಬಹುದು, ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಕೆಲಸ ಬೇಗ ಸಾಗಲೆಂದು ಮಲಯಾಳದ ಪ್ರತಿಯೊಂದನ್ನು ಜೊತೆಗೆ ಲಗತ್ತಿಸಿದರೆ ಒಳ್ಳೆಯದು. ಇ–ಅನುದಾನ್ ಅರ್ಜಿಗೆ, ಸರಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದವರ ನೆರವು ಪಡೆಯಿರಿ, ಆದರೆ ಸಂಸ್ಥೆಯ ಪಾಸ್‌ವರ್ಡು ನಿಮ್ಮ ಕೈಯಲ್ಲೇ ಇರಲಿ.

ಮುಂದಿನ ಟ್ರಸ್ಟ್ ಮೀಟಿಂಗಿನಲ್ಲಿ ನಕ್ಷೆಯ ಬದಲು ಮೂರು ಕಾಗದ ಮೇಜಿನ ಮೇಲಿಡಿ: 18 ಮಂದಿಯ ವಯಸ್ಸು, ಕಾಯಿಲೆ, ಬಂಧುಗಳ ವಿವರ; ಹಗಲು ರಾತ್ರಿಯ ಪಾಳಿ ಮತ್ತು ಸಂಬಳದ ಲೆಕ್ಕ; ದಾನಿಯ ಜಾಗದ ದಸ್ತಾವೇಜಿನ ನಕಲು, ಭೂತೆರಿಗೆ ರಶೀದಿಯ ಜೊತೆ. ವಾರ್ಡ್ ಮೆಂಬರನ್ನೂ ಕರೆಯಿರಿ. ಜಾಗ ಡಾಟಾ ಬ್ಯಾಂಕಿನಲ್ಲಿ ಇಲ್ಲ ಎಂದು ಖಚಿತವಾದ ದಿನ ನನಗೆ ಬರೆಯಿರಿ, ಪಂಚಾಯತಿನ ಜೊತೆ ಮಾಡಿಕೊಳ್ಳಬೇಕಾದ ಒಪ್ಪಂದದ ಕರಡನ್ನು ಕನ್ನಡದಲ್ಲೇ ಬರೆದು ಕಳಿಸುತ್ತೇನೆ.